ಮಳೆಗಾಲದಲ್ಲಿ ಮಗುವಿನ ರೂಮಿನ ಮುಗ್ಗಲು ವಾಸನೆ: ತೇವ ಹೀರುವ ಡಬ್ಬಿಯಿಂದ ಪ್ರಯೋಜನ ಇದೆಯಾ?

ಹೊಸಮನೆ ಅಮ್ಮ (ಪ್ರಶ್ನೆ)

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಿ. ಮಳೆ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ. ಹಳೇ ಹೆಂಚಿನ ಮನೆ ಪಕ್ಕದಲ್ಲೇ ಹೊಸದಾಗಿ ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ಗೋಡೆಗೆ ಪುಟ್ಟಿ, ಅದರ ಮೇಲೆ ಹೊಳೆಯುವ ಎಮಲ್ಷನ್ ಪೇಂಟ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಸ್ಲೈಡಿಂಗ್ ಕಿಟಕಿ. ನೋಡೋಕೆ ಚೆನ್ನಾಗಿದೆ.

ಆದರೆ ಜೂನ್ ಮುಗಿಯುವಷ್ಟರಲ್ಲಿ ಮಗಳ ರೂಮಿನಲ್ಲಿ ವಾರ್ಡ್‌ರೋಬ್ ಹಿಂದಿನ ಗೋಡೆ ತುಂಬಾ ಕಪ್ಪು ಚುಕ್ಕಿ. ಅವಳ ಸ್ಕೂಲ್ ಬೆಲ್ಟು, ಬ್ಯಾಗಿನ ಪಟ್ಟಿ, ಬೂಟು, ಎಲ್ಲದರ ಮೇಲೂ ಬಿಳಿ ಬೂಷ್ಟು. ವಾರ್ಡ್‌ರೋಬ್ ತೆಗೆದರೆ ಮುಗ್ಗಲು ವಾಸನೆ ಜೊತೆಗೆ ಕಣ್ಣು ಉರಿಯುವಂಥ ಇನ್ನೊಂದು ಘಾಟು. ಅವಳಿಗೆ ಏಳು ವರ್ಷ. ಮಳೆ ಹಿಡಿದಾಗಲೆಲ್ಲ ರಾತ್ರಿ ಉಬ್ಬಸ ಬರುತ್ತದೆ. ಡಾಕ್ಟರ್ ಇನ್‌ಹೇಲರ್ ಕೊಟ್ಟಿದ್ದಾರೆ, "ಬೂಷ್ಟು, ಧೂಳಿನ ಅಲರ್ಜಿ, ರೂಮು ಒಣಗಿದ ಹಾಗೆ ಇಟ್ಟುಕೊಳ್ಳಿ" ಅಂದಿದ್ದಾರೆ. ಈ ಊರಲ್ಲಿ ಜುಲೈ ತಿಂಗಳಲ್ಲಿ ರೂಮು ಒಣಗಿಸೋದು ಹೇಗೆ ಅಂತ ಅವರು ಹೇಳಲಿಲ್ಲ!

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಔಷಧಿ. ಅತ್ತೆ ದಿನಾ ಸಂಜೆ ಲೋಬಾನದ ಧೂಪ ಹಾಕುತ್ತಾರೆ. ನಮ್ಮವರು ಆನ್‌ಲೈನಲ್ಲಿ ತೇವ ಹೀರುವ ಡಬ್ಬಿ ತರಿಸಿ ಮಂಚದ ಕೆಳಗೆ ಎರಡು ಇಟ್ಟಿದ್ದಾರೆ. ಡಬ್ಬಿಯಲ್ಲಿ ನೀರೇನೋ ತುಂಬುತ್ತೆ, ವಾಸನೆ ಮಾತ್ರ ಇದ್ದ ಹಾಗೇ ಇದೆ. ತಂಗಿ ಇದ್ದಿಲಿನ ಚೀಲ ನೇತು ಹಾಕು ಅನ್ನುತ್ತಾಳೆ. ಪಕ್ಕದ ಮನೆಯವರು ಗಾಳಿಯ ತೇವ ತೆಗೆಯುವ ಕರೆಂಟಿನ ಮೆಷಿನ್, ಡಿಹ್ಯುಮಿಡಿಫೈಯರ್ ತಗೊಳ್ಳಿ ಅಂತಾರೆ, ಅದಕ್ಕೆ ಹತ್ತಿಪ್ಪತ್ತು ಸಾವಿರ. ವಾರ್ಡ್‌ರೋಬಿನೊಳಗೆ ನುಸಿಗುಳಿಗೆ ಅಂತೂ ಇದ್ದೇ ಇದೆ.

ಇದರಲ್ಲಿ ಯಾವುದಕ್ಕೆ ದುಡ್ಡು ಹಾಕಿದರೆ ನಿಜವಾಗಿ ಉಪಯೋಗ ಆಗುತ್ತೆ? ಅನುಭವ ಇದ್ದವರು ಹೇಳಿ.

---

ಸಾಗರದ ಕೆಮಿಸ್ಟ್ರಿ ಮೇಷ್ಟ್ರು

ಅಮ್ಮಾ, ಮೊದಲು ಒಂದು ಲೆಕ್ಕ. ಕಾಲೇಜಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು, ಲೆಕ್ಕ ಹಾಕದೆ ಮಾತು ಮುಂದೆ ಹೋಗಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಮಗಳ ರೂಮು 10 ಅಡಿಗೆ 12 ಅಡಿ, ಎತ್ತರ 10 ಅಡಿ ಅಂತ ಇಟ್ಟುಕೊಳ್ಳೋಣ. ಸುಮಾರು 34 ಘನ ಮೀಟರ್ ಗಾಳಿ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಿನ ಆವಿ ಹಿಡಿದುಕೊಳ್ಳುತ್ತದೆ. ತೇವಾಂಶ ಶೇ. 90 ಇರುವುದನ್ನು ಶೇ. 60ಕ್ಕೆ ಇಳಿಸಬೇಕು ಅಂದರೆ ಆ ರೂಮಿನಿಂದ 235 ಗ್ರಾಂ ನೀರು ಹೊರಗೆ ಹೋಗಬೇಕು. ಒಂದು ದೊಡ್ಡ ಲೋಟದಷ್ಟು. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಆದರೆ ರೂಮಿನ ಗಾಳಿ ನಿಂತಲ್ಲೇ ನಿಲ್ಲಲ್ಲ. ಬಾಗಿಲ ಸಂದಿ, ಕಿಟಕಿ ಸಂದಿಯಿಂದ ಹೊರಗಿನ ಒದ್ದೆ ಗಾಳಿ ಬರುತ್ತಲೇ ಇರುತ್ತದೆ. ಗಂಟೆಗೆ ಒಂದು ಸಲ ರೂಮಿನ ಗಾಳಿ ಪೂರ್ತಿ ಬದಲಾದರೂ ಸಾಕು, ಗಂಟೆಗಂಟೆಗೂ ಅದೇ 235 ಗ್ರಾಂ ಮತ್ತೆ ತೆಗೆಯಬೇಕು. ದಿನಕ್ಕೆ ಐದೂವರೆ ಲೀಟರ್ ಮೇಲಾಯಿತು. ಹಳೇ ಹೆಂಚಿನ ಮನೆಯಾದರೆ ಇದರ ಹಲವು ಪಾಲು.

ಈಗ ನಿಮ್ಮ ಡಬ್ಬಿಗೆ ಬರೋಣ. ಅದರಲ್ಲಿ ಇರೋದು ಕ್ಯಾಲ್ಸಿಯಂ ಕ್ಲೋರೈಡ್ ಕಾಳು. ಅದು ಗಾಳಿಯ ತೇವ ಎಳೆದುಕೊಂಡು ತಾನೇ ಕರಗಿ ಉಪ್ಪುನೀರಾಗುತ್ತೆ. ಒಳ್ಳೆಯ ವಸ್ತು, ತನ್ನ ತೂಕಕ್ಕಿಂತ ಜಾಸ್ತಿ ನೀರು ಹೀರುತ್ತದೆ. ಆದರೆ 600 ಮಿಲಿ ಹಿಡಿಯುವ ಡಬ್ಬಿ ತುಂಬಲು ಮೂರು ವಾರ ತಗೊಂಡರೆ ದಿನಕ್ಕೆ ಬಿದ್ದದ್ದು 30 ಮಿಲಿಗಿಂತ ಸ್ವಲ್ಪ ಕಡಿಮೆ. ಮಲಗಿರುವ ಒಬ್ಬ ಮನುಷ್ಯನ ಉಸಿರು ಮತ್ತು ಮೈಯಿಂದ ಒಂದು ಗಂಟೆಗೆ ಸುಮಾರು ಅಷ್ಟೇ ನೀರು ಗಾಳಿಗೆ ಸೇರುತ್ತದೆ. ಅಂದರೆ ಡಬ್ಬಿ ಇಡೀ ದಿನ ದುಡಿದು ಹೀರಿದ್ದನ್ನು ಮಗು ಒಂದೆರಡು ಗಂಟೆ ನಿದ್ದೆಯಲ್ಲಿ ವಾಪಸ್ ಕೊಡುತ್ತೆ! ಮಂಚದ ಕೆಳಗೆ ಅದನ್ನಿಡೋದು ತುಂಗಾ ಹೊಳೆಯನ್ನು ಚಮಚದಲ್ಲಿ ಬತ್ತಿಸಿದ ಹಾಗೆ. ನೀರು ತುಂಬಿದ್ದು ಕಣ್ಣಿಗೆ ಕಾಣುತ್ತೆ ಅನ್ನೋದೇ ಅದರ ವ್ಯಾಪಾರದ ಗುಟ್ಟು.

ಹಾಗಂತ ಎಸೆಯಬೇಡಿ. ವಾರ್ಡ್‌ರೋಬಿನೊಳಗೆ ಇಡಿ. ಒಂದು ಘನ ಮೀಟರಿಗಿಂತ ಕಡಿಮೆ ಜಾಗ, ಬಾಗಿಲು ಮುಚ್ಚಿರುತ್ತೆ. ಅಲ್ಲಿ ಗಾಳಿಯಿಂದ ತೆಗೆಯಬೇಕಾದ ನೀರು ಕೆಲವೇ ಗ್ರಾಂ. ಒಂದು ತೊಡಕಿದೆ, ಇದನ್ನು ಪ್ಯಾಕೆಟ್ ಮೇಲೆ ಬರೆದಿರಲ್ಲ. ಹತ್ತಿ ಬಟ್ಟೆಯಲ್ಲೇ ನೀರಿರುತ್ತೆ. ಶೇ. 65 ತೇವಾಂಶದಲ್ಲಿ ಹತ್ತಿ ತನ್ನ ತೂಕದ ಶೇ. 8.5ರಷ್ಟು ನೀರು ಹಿಡಿದಿರುತ್ತದೆ, ಮಳೆಗಾಲದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಅರೆಬರೆ ಒಣಗಿದ ಬಟ್ಟೆ ಮಡಚಿ ಒಳಗಿಟ್ಟರೆ ಡಬ್ಬಿ ನಿಮ್ಮ ಬಟ್ಟೆ ಒಣಗಿಸೋದರಲ್ಲೇ ಮುಗಿದುಹೋಗುತ್ತೆ. ಇಸ್ತ್ರಿ ಮಾಡಿ, ಬಿಸಿ ಆರಿಸಿ, ಆಮೇಲೆ ಜೋಡಿಸಿ. ಡಬ್ಬಿ ತಳದಲ್ಲಿ, ಒಂದು ಪ್ಲಾಸ್ಟಿಕ್ ತಟ್ಟೆಯ ಮೇಲಿರಲಿ. ಅದು ಚೆಲ್ಲಿದರೆ ಆ ಜಾಗ ಒಣಗೋದೇ ಇಲ್ಲ, ಕಬ್ಬಿಣ ತುಕ್ಕು ಹಿಡಿಯುತ್ತೆ, ಜರಿ ಸೀರೆ ಮೇಲೆ ಬಿದ್ದರೆ ಜರಿಯ ಕಥೆ ಮುಗಿಯಿತು.

ಇದ್ದಿಲಿನ ಚೀಲ: ವಾಸನೆಗೆ ಸ್ವಲ್ಪ, ತೇವಕ್ಕೆ ಅಷ್ಟಕ್ಕಷ್ಟೇ. ಅದರ ಸಣ್ಣ ರಂಧ್ರಗಳೊಳಗೆ ವಾಸನೆಯ ಅಣುಗಳು ಕೂರಬೇಕು. ನಮ್ಮ ಮಳೆಗಾಲದಲ್ಲಿ ಆ ಜಾಗವನ್ನೆಲ್ಲ ನೀರೇ ಹಿಡಿದುಬಿಡುತ್ತದೆ.

ಧೂಪದ ವಿಷಯ ಅತ್ತೆಯವರಿಗೆ ನೀವೇ ಮೆತ್ತಗೆ ಹೇಳಬೇಕು. ಉಬ್ಬಸದ ಮಗು ಮಲಗುವ ರೂಮಿನಲ್ಲಿ ಹೊಗೆ ಬೇಡವೇ ಬೇಡ. ದೇವರ ಮನೆಯಲ್ಲಿ ಹಾಕಲಿ, ಬಾಗಿಲು ಮುಚ್ಚಿಕೊಳ್ಳಲಿ. ಮನೆಯೊಳಗಿನ ವಾಯುಮಾಲಿನ್ಯ ಅಂದರೆ ನಮಗೆ ಒಲೆ ಹೊಗೆ ಮಾತ್ರ ನೆನಪಾಗುತ್ತೆ. ತೇವ ಮತ್ತು ಬೂಷ್ಟಿನ ಬಗ್ಗೆಯೇ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಬೂಷ್ಟಿನ ಬೀಜಕಣ, ಹಾಸಿಗೆಯಲ್ಲಿರುವ ಧೂಳಿನ ಹುಳದ ಹಿಕ್ಕೆ, ಇವೆಲ್ಲ ಉಸಿರಿನ ಜೊತೆ ಒಳಗೆ ಹೋಗುವ ಮಾಲಿನ್ಯವೇ. ಆ ಹುಳಗಳು ನೀರು ಕುಡಿಯೋದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ತೇವಾಂಶ ಶೇ. 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಅಷ್ಟು ಕೆಳಗೆ ಇಳಿಸೋದು ಕಷ್ಟ. ಅದಕ್ಕೇ ಮಗಳ ಹೊದಿಕೆ, ದಿಂಬಿನ ಕವರು 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಬಚ್ಚಲ ಹಂಡೆ ನೀರು ಧಾರಾಳ ಸಾಕು.

ಡಿಹ್ಯುಮಿಡಿಫೈಯರ್ ಬಗ್ಗೆ: ರೂಮಿನ ಮಟ್ಟಿಗೆ ನಿಜವಾಗಿ ಕೆಲಸ ಮಾಡೋದು ಅದೊಂದೇ. ಬಾಗಿಲು, ಕಿಟಕಿ ಮುಚ್ಚಿ ಮಗು ಮಲಗುವ ಎರಡು ಮೂರು ಗಂಟೆ ಮೊದಲು ಶುರು ಮಾಡಿ. ದಿನಕ್ಕೆ 20 ಲೀಟರ್ ಅಂತ ಬರೆದಿರೋದು ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ತೇವಾಂಶದ ಲೆಕ್ಕ. ನಿಮ್ಮೂರಿನ ಥಂಡಿಯಲ್ಲಿ ಅಷ್ಟು ಬರಲ್ಲ, ಆದರೂ ಡಬ್ಬಿಗೂ ಅದಕ್ಕೂ ಹೋಲಿಕೆಯೇ ಇಲ್ಲ. 300 ವಾಟಿನ ಮೆಷಿನ್ 8 ಗಂಟೆ ಓಡಿದರೆ 2.4 ಯೂನಿಟ್. ಕರೆಂಟ್ ಇದ್ದರೆ ಅನ್ನೋದು ಬೇರೆ ಮಾತು.

ಅದಕ್ಕೂ ಮೊದಲು ಒಂದು ತೇವಾಂಶ ಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿ. ಅದು ಸರಿ ತೋರಿಸುತ್ತಾ ನೋಡೋಕೆ ಹೀಗೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಕೆಲವು ಹನಿ ನೀರು ಬಿಡಿ. ಹಸಿ ಮರಳಿನ ಹಾಗೆ ಇರಬೇಕು, ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನೊಳಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75ರ ಹತ್ತಿರ ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರು 5 ಜಾಸ್ತಿ ಹೇಳುತ್ತೆ ಅಂತ ಲೆಕ್ಕ. ನಿಮ್ಮ ಅಡುಗೆಮನೆಯ ಕಲ್ಲುಪ್ಪಿನ ಭರಣಿ ಮಳೆಗಾಲದಲ್ಲಿ ನೀರು ಬಿಡುತ್ತಲ್ಲ, ಅದಕ್ಕೂ ಇದೇ ಕಾರಣ. ಶೇ. 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಎಳೆಯೋಕೆ ಶುರು ಮಾಡುತ್ತೆ. ಕಲ್ಲುಪ್ಪಲ್ಲಿ ಸ್ವಲ್ಪ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರೋದರಿಂದ ಇನ್ನೂ ಮೊದಲೇ.

---

ಕಡಲ ಕರೆ, ಕುಂದಾಪುರ

ಮೇಷ್ಟ್ರು ಎಲ್ಲ ಹೇಳಿ ನುಸಿಗುಳಿಗೆ ಬಿಟ್ಟುಬಿಟ್ಟರು. ಅಕ್ಕ, ಇವತ್ತೇ ಅದನ್ನ ತೆಗೆದು ಹಾಕಿ. ಅದು ನ್ಯಾಫ್ತಲೀನ್. ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರುವ ಹಸುಗೂಸುಗಳಿಗೆ ಆ ಗುಳಿಗೆ ಇಟ್ಟ ಬಟ್ಟೆ ಹೊದಿಸಿದರೇ ರಕ್ತಕಣ ಒಡೆದು ಕಾಮಾಲೆ ಆಗಬಹುದು. ನಾನು ನರ್ಸ್, ಬಾಣಂತಿಯರ ವಾರ್ಡಲ್ಲಿ ಇದನ್ನ ದಿನಾ ಹೇಳ್ತೇನೆ. ಅಜ್ಜಿಯಂದಿರು ಟ್ರಂಕಿನಿಂದ ತೆಗೆದು ತರುವ ಬಿಳಿ ಪಂಚೆಗೆ ಬರೋದು ಅದೇ ವಾಸನೆ.

ಇನ್ನೊಂದು, ಬಟ್ಟೆ ಎಲ್ಲಿ ಒಣಗಿಸ್ತೀರಿ? ಮಗಳ ರೂಮಲ್ಲಿ ಫ್ಯಾನ್ ಕೆಳಗೆ ಹಗ್ಗ ಕಟ್ಟಿದ್ದೀರಾ? ಒಂದು ಮೆಷಿನ್ ಬಟ್ಟೆಯಲ್ಲಿ ಸುಮಾರು 2 ಲೀಟರ್ ನೀರು ಉಳಿದಿರುತ್ತೆ. ಅದು ಎಲ್ಲಿಗೆ ಹೋಗಬೇಕು ಹೇಳಿ, ಅದೇ ಗೋಡೆಗೆ. ನಮ್ಮಲ್ಲಿ ಹಿಂದಿನ ಜಗಲಿಗೆ ತಗಡಿನ ಮಾಡು ಇಳಿಸಿ ಹಗ್ಗ ಅಲ್ಲಿಗೆ ಹಾಕಿದೆವು. ನಿಧಾನಕ್ಕೆ ಒಣಗುತ್ತೆ, ಒಣಗಲಿ ಬಿಡಿ.

---

ಹೊಸಮನೆ ಅಮ್ಮ

ಹಗ್ಗ ಇರೋದು ಅವಳ ರೂಮಲ್ಲೇ! ನಮ್ಮ ಮನೆ ಒಳಗೆ ಬಂದು ನೋಡಿದ ಹಾಗೆ ಬರೆದಿದ್ದೀರಿ. ನುಸಿಗುಳಿಗೆ ತೆಗೆದೆ.

ಒಂದು ಅರ್ಥವಾಗಲ್ಲ. ಪಕ್ಕದ ಹಳೇ ಮನೆಯಲ್ಲಿ ಯಾವ ಡಬ್ಬಿಯೂ ಇರಲಿಲ್ಲ, ಮೆಷಿನ್ನೂ ಇರಲಿಲ್ಲ. ಮಣ್ಣಿನ ಗೋಡೆ, ಸುಣ್ಣ. ಅಲ್ಲಿ ಬೂಷ್ಟು ಇಷ್ಟು ಬರ್ತಿರಲಿಲ್ಲ. ಯಾಕೆ?

---

ಗಾರೆ ಮೇಸ್ತ್ರಿ

ಇದು ನನ್ನ ಕಸುಬು, ನಾನು ಹೇಳ್ತೇನೆ.

ಮಣ್ಣಿನ ಗೋಡೆ, ಸುಣ್ಣದ ಗಾರೆ ಉಸಿರಾಡ್ತವೆ. ಬೆಳಿಗ್ಗೆ ಸ್ನಾನ, ಅಡುಗೆ ಹೊತ್ತಲ್ಲಿ ಆವಿ ಎದ್ದರೆ ಗೋಡೆ ಒಳಗೆ ಎಳೆದುಕೊಳ್ಳುತ್ತೆ, ಮಧ್ಯಾಹ್ನ ಬಾಗಿಲು ತೆಗೆದಿಟ್ಟಾಗ ವಾಪಸ್ ಬಿಡುತ್ತೆ. ನಿಮ್ಮ ಹೊಸ ಗೋಡೆಗೆ ಪುಟ್ಟಿ ಬಳಿದು ಎಮಲ್ಷನ್ ಹೊಡೆದಿದ್ದಾರೆ, ಅದು ಪ್ಲಾಸ್ಟಿಕ್ ಪದರ. ಆವಿಗೆ ಹೋಗೋಕೆ ಜಾಗ ಇಲ್ಲ, ಮೇಲೇ ಕೂರುತ್ತೆ. ಸುಣ್ಣಕ್ಕೆ ಇನ್ನೊಂದು ಗುಣ, ಅದರ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಹತ್ತಲ್ಲ. ವರ್ಷಕ್ಕೊಂದು ಸಲ ದೀಪಾವಳಿಗೋ ಯುಗಾದಿಗೋ ಸುಣ್ಣ ಬಳಿತಿದ್ದರಲ್ಲ, ಅದು ಚಂದಕ್ಕೆ ಮಾತ್ರ ಅಲ್ಲ.

ಆದರೆ ಗೋಡೆಗೆ ಸುಣ್ಣದ ಗಾರೆ ಮಾಡಿಸಿದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಈಗ ಕೆಲವರು ಹಾಗೆ ಹೇಳಿ ಚದರಡಿಗೆ ಬಾಯಿಗೆ ಬಂದ ರೇಟು ಕೇಳ್ತಾರೆ. ಗೋಡೆ ಹೀರೋದು ಮೇಲಿನ ಸ್ವಲ್ಪ ಪದರ ಮಾತ್ರ, ಅದೂ ಒಣಗೋಕೆ ಪುರುಸೊತ್ತು ಸಿಕ್ಕರೆ. ಮೂರು ತಿಂಗಳು ಮಳೆ ಬಿಡದೆ ಹೊಡೆದರೆ ಸುಣ್ಣದ ಗೋಡೆನೂ ತುಂಬಿಕೊಂಡು ಸುಮ್ನಾಗುತ್ತೆ. ಹಳೇ ಮನೆ ಒಣಗಿದ್ದು ಗೋಡೆಯಿಂದ ಅರ್ಧ, ಬೆಂಕಿಯಿಂದ ಅರ್ಧ. ಅಡುಗೆ ಒಲೆ, ಬಚ್ಚಲ ಒಲೆ ಎರಡೂ ಉರೀತಿದ್ದವು, ಹೆಂಚಿನ ಸಂದಿಯಲ್ಲಿ ಗಾಳಿ ಆಡ್ತಿತ್ತು.

ದುಡ್ಡು ಹಾಕೋ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನ ಗೋಡೆ ಒರೆಸಿ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಗಡೆ, ಗೋಡೆ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರ್ತಿದೆ. ಪೈಪೋ, ಹೊರಗಿನ ಬಿರುಕೋ, ಅಡಿಪಾಯದಿಂದ ಏರ್ತಿದೆಯೋ ಹುಡುಕಬೇಕು. ಅದಕ್ಕೆ ಯಾವ ಡಬ್ಬಿಯೂ ಆಗಲ್ಲ. ಹನಿ ಹೊರಗಡೆ, ರೂಮಿನ ಕಡೆ ಇದ್ದರೆ ಗಾಳಿಯ ತೇವ.

ಮತ್ತೆ ವಾರ್ಡ್‌ರೋಬನ್ನ ಗೋಡೆಯಿಂದ ಒಂದು ಗೇಣು ಮುಂದೆ ಎಳೀರಿ. ಹಿಂದೆ ಗಾಳಿ ಆಡಬೇಕು.

---

ಸಾಗರದ ಕೆಮಿಸ್ಟ್ರಿ ಮೇಷ್ಟ್ರು

ಮೇಸ್ತ್ರಿಯವರ ಬೆಂಕಿ ಮಾತಿಗೆ ಲೆಕ್ಕ ಕೊಡ್ತೇನೆ. ಹೊರಗೆ 22 ಡಿಗ್ರಿ, ಶೇ. 95 ತೇವಾಂಶ. ಅದೇ ಗಾಳಿ ಒಳಗೆ ಬಂದು 27 ಡಿಗ್ರಿಗೆ ಬೆಚ್ಚಗಾದರೆ, ಒಂದು ಹನಿ ನೀರೂ ತೆಗೆಯದೆ ತೇವಾಂಶ 70ರ ಆಸುಪಾಸಿಗೆ ಇಳಿಯುತ್ತದೆ. ಬೆಚ್ಚಗಿನ ಗಾಳಿಗೆ ಹೆಚ್ಚು ಆವಿ ಹಿಡಿಯುವ ಶಕ್ತಿ ಇರುತ್ತಲ್ಲ, ಅದಕ್ಕೆ. ನಮ್ಮ ಅಜ್ಜಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆ ಹರವುತ್ತಿದ್ದರು. ಆದರೆ ಅದನ್ನ ಹೊಸ ಆರ್‌ಸಿಸಿ ರೂಮಲ್ಲಿ ಕಿಟಕಿ ಮುಚ್ಚಿ ಮಾಡೋಕೆ ಹೋಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಪ್ರಾಣವನ್ನೇ ತೆಗೆಯುತ್ತೆ. ಹಳೇ ಮನೆಯ ಹೊಗೆಯೂ ಆರೋಗ್ಯ ಏನಲ್ಲ, ನನ್ನ ಅಜ್ಜಿ ಕೊನೆಯವರೆಗೂ ಕೆಮ್ಮುತ್ತಲೇ ಇದ್ದರು.

ಗ್ಯಾಸ್ ಒಲೆ ಶುದ್ಧ ಅಂತ ಸುಮ್ನೆ ಕೂರೋ ಹಾಗೂ ಇಲ್ಲ. ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿ ಮೇಲೆ ನೀರು ಆವಿಯಾಗಿ ಬರುತ್ತೆ. 14.2 ಕೆಜಿ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಅಡುಗೆಮನೆಗೆ ಸುಮಾರು 22 ಲೀಟರ್. ಅನ್ನ, ಸಾರು ಕುದಿಯುವ ಆವಿ ಬೇರೆ. ಎಕ್ಸಾಸ್ಟ್ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡಿ.

ಕಣ್ಣು ಉರಿಯುವ ಘಾಟು ಅಂದಿರಲ್ಲ, ಅದಕ್ಕೆ ನನ್ನ ಅನುಮಾನ ಪ್ಲೈವುಡ್ ಮೇಲೆ. ಎಂಆರ್ ಗ್ರೇಡ್ (ತೇವ ಸ್ವಲ್ಪ ಮಟ್ಟಿಗೆ ತಡೆಯುವ) ಪ್ಲೈವುಡ್ಡಿನ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ತೇವ ತಾಗಿದರೆ ಆ ಅಂಟು ಬಿಡಿಸಿಕೊಳ್ಳುತ್ತಾ ಫಾರ್ಮಾಲ್ಡಿಹೈಡ್ ಅನಿಲ ಹೊರಗೆ ಬಿಡುತ್ತೆ. ಶೆಕೆ, ತೇವ ಎರಡೂ ಹೆಚ್ಚಾದಷ್ಟೂ ಅದೂ ಹೆಚ್ಚು. ಹಾಗಾಗಿ ವಾರ್ಡ್‌ರೋಬಿನೊಳಗೆ ತೇವ ಕಡಿಮೆ ಮಾಡಿದರೆ ಬೂಷ್ಟಿನ ಜೊತೆ ಇದೂ ಇಳಿಯುತ್ತೆ. ತೇವ ಹೀರುವ ವಸ್ತುವಿನಿಂದ ಗಾಳಿ ಶುದ್ಧವಾಗುತ್ತೆ ಅಂತ ಕೆಲವರು ಹೇಳ್ತಾರಲ್ಲ, ಆ ಮಾತು ನಿಜವಾಗುವ ಜಾಗ ಇದು. ಹಿಂದಿನ ಹಲಗೆ, ಕತ್ತರಿಸಿದ ಅಂಚು ಬರಿದಾಗಿ ಬಿಟ್ಟಿದ್ದರೆ ಬೇಸಿಗೆಯಲ್ಲಿ ಪಾಲಿಷ್ ಹೊಡೆಸಿ ಮುಚ್ಚಿಸಿ. ಮುಂದೆ ಮಾಡಿಸುವಾಗ ಬಿಡಬ್ಲ್ಯೂಪಿ (ಕುದಿನೀರಿಗೂ ಬಿಡದ) ಗ್ರೇಡ್ ಕೇಳಿ, ಅದರ ಅಂಟು ಫೀನಾಲಿನದು, ಘಾಟು ಬಹಳ ಕಡಿಮೆ.

---

ನಗೋಯಾ ಕನ್ನಡಿಗ

ಶಿರಸಿಯವನು, ಈಗ ಜಪಾನಿನಲ್ಲಿದ್ದೇನೆ. ಇಲ್ಲಿ ಜೂನ್, ಜುಲೈನಲ್ಲಿ ತ್ಸುಯು ಅನ್ನುವ ಮಳೆಗಾಲ. ಇದೇ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಲ್ಲಿ ಸೂಪರ್ ಮಾರ್ಕೆಟ್ ತುಂಬಾ ರಾಶಿ. ಆದರೆ ಯಾರೂ ರೂಮಲ್ಲಿ ಇಡಲ್ಲ, ಹಾಸಿಗೆ ಮಡಚಿಡುವ ಗೋಡೆ ಕಪಾಟು, ಸಿಂಕಿನ ಕೆಳಗೆ, ಚಪ್ಪಲಿ ಗೂಡು, ಅಷ್ಟೇ. ಮೇಷ್ಟ್ರ ಲೆಕ್ಕ ಸರಿ.

ಇಲ್ಲಿ ನನಗೆ ಇಷ್ಟವಾದದ್ದು ಹಾಸಿಗೆ ಕೆಳಗೆ ಹಾಸುವ, ತೇವ ಹೀರುವ ಸಿಲಿಕಾ ಜೆಲ್ ಹಾಳೆ. ಮೂಲೆಯಲ್ಲಿ ಬಣ್ಣ ಬದಲಾಗುವ ಒಂದು ಗುರುತು ಇರುತ್ತೆ, ತುಂಬಿತು ಅಂದಾಗ ಬಿಸಿಲಿಗೆ ಹಾಕಿದರೆ ಮತ್ತೆ ಒಣಗುತ್ತೆ. ಮಂಚಕ್ಕೆ ಗಟ್ಟಿ ಪ್ಲೈವುಡ್ ಬದಲು ಸಂದಿ ಬಿಟ್ಟ ಹಲಗೆ ಪಟ್ಟಿ. ಹಾಸಿಗೆ ತಳ ಬೂಷ್ಟು ಹಿಡಿಯಲ್ಲ. ಇದನ್ನ ನಿಮ್ಮ ಬಡಗಿಯೇ ಮಾಡಿಕೊಡಬಹುದು.

ಡಯಾಟಮ್ ಮಣ್ಣಿನ (ನೀರಿನ ಸೂಕ್ಷ್ಮ ಪಾಚಿಯ ಚಿಪ್ಪುಗಳಿಂದಾದ, ತೇವ ಹೀರುವ ಮಣ್ಣು) ಗೋಡೆ ಗಾರೆಯೂ ಇಲ್ಲಿ ಜನಪ್ರಿಯ. ಅದೇ ಮಣ್ಣಿನ ಬಾತ್‌ಮ್ಯಾಟ್ ಈಗ ಭಾರತದಲ್ಲೂ ಸಿಗುತ್ತಂತೆ. ತಗೊಂಡರೆ ಮರಳು ಕಾಗದದಲ್ಲಿ ಉಜ್ಜೋಕೆ ಮುಂಚೆ ಯೋಚನೆ ಮಾಡಿ. 2020ರ ಕೊನೆಯಲ್ಲಿ ಇಲ್ಲಿ ಕೆಲವು ಮ್ಯಾಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಸಿಕ್ಕಿ ವಾಪಸ್ ಕರೆಸಿಕೊಂಡರು.

---

ಸಾಗರದ ಕೆಮಿಸ್ಟ್ರಿ ಮೇಷ್ಟ್ರು

ಸಿಲಿಕಾ ಜೆಲ್ ಬಿಡಿ ಕಾಳು ತರೋದಾದರೆ ನೀಲಿ ಬಣ್ಣದ್ದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ವಿಷ. ಕಿತ್ತಳೆ ಬಣ್ಣದ್ದು ಕೇಳಿ. ಬಣ್ಣ ಹೋದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಸಿದ್ಧ. ಅಡುಗೆಯ ಪಾತ್ರೆ ಬಳಸಬೇಡಿ. ಬೂಟಿನೊಳಗೆ, ಕ್ಯಾಮೆರಾ ಪೆಟ್ಟಿಗೆಗೆ, ಶಾಲೆಯ ಬೆಲ್ಟು ಇಡುವ ಡಬ್ಬಕ್ಕೆ ಇದೇ ವಾಸಿ, ಚೆಲ್ಲುವ ಭಯ ಇಲ್ಲ.

---

ಹೊಸಮನೆ ಅಮ್ಮ

ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದೆ. ವಾರ್ಡ್‌ರೋಬ್ ಹಿಂದಿನ ಗೋಡೆಯಲ್ಲಿ ಹನಿ ರೂಮಿನ ಕಡೆ, ಒಳಗೆ ಒಣ. ಆದರೆ ಬಾತ್‌ರೂಮಿಗೆ ತಾಗಿದ ಗೋಡೆಯಲ್ಲಿ ಹಾಳೆಯ ಒಳಗಡೆ ಹನಿ ಸಾಲುಗಟ್ಟಿ ಇಳೀತಿದೆ. ಪ್ಲಂಬರ್‌ಗೆ ಹೇಳಿದ್ದೇವೆ.

ಬಟ್ಟೆ ಹಗ್ಗ ಹಳೇ ಮನೆ ಜಗಲಿಗೆ ಹೋಯಿತು. ವಾರ್ಡ್‌ರೋಬ್ ಮುಂದೆ ಎಳೆದು ಗೋಡೆ ಒರೆಸಿದೆವು, ಡಬ್ಬಿ ಅದರೊಳಗೆ. ಅತ್ತೆಗೆ ಹೇಳಿದ್ದಕ್ಕೆ "ಧೂಪ ಹಾಕದೆ ದೃಷ್ಟಿ ಹೋಗುತ್ತಾ" ಅಂದರು, ಈಗ ಅಂಗಳದ ತುಳಸಿ ಕಟ್ಟೆ ಹತ್ತಿರ ಹಾಕ್ತಿದ್ದಾರೆ. ಮೆಷಿನ್ ತಗೊಳ್ಳೋದು ಬಹುತೇಕ ಖಾತ್ರಿ. ತೇವಾಂಶ ಮೀಟರು ಇವತ್ತು ಬೆಳಿಗ್ಗೆ 88.

ಗೋಡೆ ಒರೆಸೋವಾಗ ಮಗಳನ್ನ ಅಲ್ಲಿ ಬಿಡಬಾರದಾ? ಮತ್ತೆ ಡಬ್ಬಿಯಲ್ಲಿ ತುಂಬಿದ ನೀರನ್ನ ಅಡಕೆ ಗಿಡದ ಬುಡಕ್ಕೆ ಹಾಕಬಹುದಾ ಅಂತ ಇವರು ಕೇಳ್ತಿದ್ದಾರೆ.

---

ಕಡಲ ಕರೆ, ಕುಂದಾಪುರ

ಮಗು ಅಲ್ಲಿ ಬೇಡ ಅಕ್ಕ. ನೀವೂ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲೇ ಒರೆಸಿ, ಒಣಗಿದ್ದನ್ನ ಪೊರಕೆಯಲ್ಲಿ ಗುಡಿಸಿದರೆ ಎಲ್ಲ ಗಾಳಿಗೆ ಹಾರುತ್ತೆ. ಬಟ್ಟೆ ಆಮೇಲೆ ಎಸೆಯಿರಿ. ಮತ್ತೆ ರೂಮು ಸರಿಹೋಯಿತು ಅಂತ ಇನ್‌ಹೇಲರ್ ನೀವಾಗೇ ನಿಲ್ಲಿಸಬೇಡಿ, ಡಾಕ್ಟರ್ ಹೇಳೋ ತನಕ.

---

ಸಾಗರದ ಕೆಮಿಸ್ಟ್ರಿ ಮೇಷ್ಟ್ರು

ಅಡಕೆ ಬುಡಕ್ಕೆ ಬೇಡ ಅಂತ ಹೇಳಿ. ಅದು ಗಟ್ಟಿ ಉಪ್ಪುನೀರು, ಬೇರು ಸುಡುತ್ತೆ. ಬಚ್ಚಲಿಗೆ ಸುರಿದು ಹಿಂದೆಯೇ ಎರಡು ಬಕೆಟ್ ನೀರು ಬಿಡಿ. ಕೈಗೆ ತಾಗಿದರೆ ತೊಳೆದುಕೊಳ್ಳಿ, ಸುರಿಯುವಾಗ ನಾಯಿ ಬೆಕ್ಕು ನೆಕ್ಕದ ಹಾಗೆ ನೋಡಿಕೊಳ್ಳಿ.